ಸಿಮೆಂಟ್ ಶೆಡ್ಡಿನಲ್ಲಿ ಪಟಾಲಮ್ಮ

ಪಟಾಲಮ್ಮನ ಕಲ್ಲನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಬುಲ್ಡೋಜರ್ ಓಡಿಸುವವನು ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು, ಗುಡಿಗೆ ಕೈಮುಗಿದು, ದೂರ ಹೋಗಿ ಬೀಡಿ ಹಚ್ಚಿ ಕೂತುಬಿಟ್ಟ. "ಸಾರ್, ಮನೆ ಕೆಡವು ಅಂದ್ರೆ ಕೆಡವ್ತೀನಿ. ಇದಕ್ಕೆ ಮಾತ್ರ ನನ್ನ ಕರೀಬೇಡಿ" ಎಂದು ಇಂಜಿನಿಯರ್ ಮುರಿಗೆಪ್ಪನವರಿಗೆ ಖಡಾಖಂಡಿತವಾಗಿ ಹೇಳಿದ.

ಅದು ಎಂಬತ್ತೆರಡನೇ ಇಸವಿಯ ಚೈತ್ರ. ಅಟ್ಟೂರು ಕೆರೆಯ ಕೆಳಗಿನ ಹೊಲಗಳೆಲ್ಲ ಹೊಸ ಬಡಾವಣೆಗೆ ಹೋಗಿದ್ದವು. ನೋಟೀಸು ಬಂದು ಎರಡು ವರ್ಷವಾಗಿತ್ತು. ಕೊನೆಯ ರಾಗಿ ಕೊಯ್ದು ನಾಲ್ಕು ತಿಂಗಳಾಗಿತ್ತು. ಪಿಳ್ಳಪ್ಪನ ದ್ರಾಕ್ಷಿ ತೋಟದ ಕಲ್ಲುಕಂಬಗಳನ್ನು ಕಿತ್ತು ಒಂದು ಮೂಲೆಯಲ್ಲಿ ಒಟ್ಟಿದ್ದರು. ತೋಟದೊಳಗಿದ್ದ ಅವನ ಹೆಂಚಿನ ಮನೆ ಹಿಂದಿನ ವಾರವಷ್ಟೇ ನೆಲಸಮವಾಗಿತ್ತು. ಉಳಿದದ್ದು ಹೊಲದಂಚಿನ ಗುಡಿಯೊಂದೇ. ಗುಡಿಯೆಂದರೆ ಮೂರು ಚಪ್ಪಡಿ, ಒಳಗೊಂದು ಮೊಳದುದ್ದದ ಕಲ್ಲು, ಆ ಕಲ್ಲಿಗೆ ಎರಡು ಬೆಳ್ಳಿ ಕಣ್ಣು. ಪೂಜೆ ಪಿಳ್ಳಪ್ಪನ ಮನೆತನದ್ದು. ಆದರೆ ಇಪ್ಪತ್ತಾರು ವರ್ಷಗಳಿಂದ ಕೆರೆಯಿಂದ ನೀರು ಹೊತ್ತು, ಕಲ್ಲು ತೊಳೆದು, ಮಂಗಳವಾರ ತಪ್ಪದೆ ತಂಬಿಟ್ಟಿನ ದೀಪ ಹಚ್ಚುತ್ತಿದ್ದವಳು ಅವನ ಹೆಂಡತಿ ಗೌರಮ್ಮ.

ಪಿಳ್ಳಪ್ಪ ಹೆಗಲ ಮೇಲಿನ ಟವೆಲ್ಲನ್ನು ಹಿಂಡುತ್ತ ನೆಲ ನೋಡಿಕೊಂಡು ನಿಂತಿದ್ದ. ಅವನು ಸ್ವಭಾವದಲ್ಲೇ ಹಾಗೆ. ಹೆಬ್ಬೆಟ್ಟು ಒತ್ತು ಎಂದಲ್ಲಿ ಒತ್ತಿದ್ದ, ಮನೆ ಖಾಲಿ ಮಾಡು ಎಂದ ದಿನ ಮಾಡಿದ್ದ. ಪಕ್ಕದ ಹೊಲದ ಸೊಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗೌರಮ್ಮನ ಭುಜ ಮುಟ್ಟಿದಳು.

"ಎಲ್ಲಾ ಅಮ್ಮನ ಇಚ್ಚೆ ಕಣೆ ಗೌರಿ. ಅವ್ಳು ನಮ್ಮ ಕೈ ಬುಡಾಕಿಲ್ಲ."

ಗೌರಮ್ಮ ಗರಕ್ಕನೆ ತಿರುಗಿದಳು. "ಕೈ ಬುಡಾಕಿಲ್ವಾ? ಒಲ ಓಯ್ತು, ತೋಟ ಓಯ್ತು, ನಾನು ಬಾಣಂತನ ಮಾಡಿಸ್ಕಂಡ ಮನೆ ಮಣ್ಣಾಗೋಯ್ತು. ಇನ್ಯಾವ ಕೈ ಇಡ್ಕಂಡವ್ಳೆ, ಯೋಳು!"

ಗೌರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೂಲಿಯವನೊಬ್ಬನ ಕೈಯಿಂದ ಹಾರೆ ಕಿತ್ತುಕೊಂಡು ಗುಡಿಯೊಳಗೆ ಬಗ್ಗಿದಳು. ದೀಪ ಹಚ್ಚಲಿಲ್ಲ, ಕೈ ಮುಗಿಯಲಿಲ್ಲ. ನಾಲ್ಕು ಸಲ ಮೀಟಿದ ಮೇಲೆ ಕಲ್ಲು ಅಲುಗಿತು. ಪಿಳ್ಳಪ್ಪ, "ಏ ಬ್ಯಾಡ ಕಣೆ, ತಡಿಯೇ" ಎನ್ನುತ್ತ ಹತ್ತಿರ ಬಂದವನು ಅವಳ ಮುಖ ನೋಡಿ ಹಿಂದೆ ಸರಿದ. ಅವಳು ಟವೆಲ್ಲನ್ನು ಅವನ ಹೆಗಲಿಂದಲೇ ಎಳೆದುಕೊಂಡು ಸಿಂಬೆ ಸುತ್ತಿದಳು. "ಎತ್ತು" ಎಂದಳು. ಎತ್ತಿ ಅವಳ ತಲೆಗಿಟ್ಟ.

ತುಂಬಿದ ಗೊಬ್ಬರದ ಮಂಕರಿಯಷ್ಟು ಭಾರವಿತ್ತು. ಕುತ್ತಿಗೆಯ ನರಗಳು ಬಿಗಿದುಕೊಂಡವು. ಅಮ್ಮನನ್ನು ಯಾವ ಕಡೆಗೆ ಒಯ್ಯುತ್ತಾಳೋ ಎಂದು ಊರವರೆಲ್ಲ ನೋಡುತ್ತಿದ್ದಂತೆ ಅವಳು ಬಿರಬಿರನೆ ನಡೆದು, ಸಿಮೆಂಟ್ ಮೂಟೆ ಒಟ್ಟಿದ್ದ ಮುರಿಗೆಪ್ಪನವರ ತಗಡಿನ ಶೆಡ್ಡಿಗೆ ಹೋಗಿ, ಮೂಟೆಗಳ ನಡುವೆ ಕಲ್ಲನ್ನು ಇಳಿಸಿದಳು.

"ತಗಳಿ ಸ್ವಾಮಿ. ಅವಳ ನೆಲ ತಗಂಡೋರು ನೀವು. ಇನ್ಮೇಕೆ ನೀವೇ ಅವಳಿಗೆ ಅನ್ನ ಇಕ್ಕಿ."

ಮುರಿಗೆಪ್ಪನವರ ಕೈ ತಂತಾನೇ ಅಂಗಿಯೊಳಗಿನ ಲಿಂಗದ ಕರಡಿಗೆಗೆ ಹೋಯಿತು. ರೋಣದ ಕಡೆಯವರು, ಕೆಲಸಕ್ಕೆಂದು ಯಶವಂತಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದರು. "ಅಮ್ಮಾರ, ಇದೇನ್ ಮಾಡಿದ್ರಿ? ನಾ ಲಿಂಗ ಕಟ್ಟಿದಾಂವ. ಈಕಿ ಪೂಜಿ ಹೆಂಗ ಮಾಡೂದು ನನಗೇನ್ ಗೊತ್ರಿ?"

"ಕಲ್ತ್ಕಳಿ. ನಾನೂ ಮದ್ವೆಯಾಗಿ ಬಂದ್ಮೇಕೇ ಕಲ್ತಿದ್ದು."

ಹೊರಡುವ ಮುಂಚೆ ಒಂದು ಕ್ಷಣ ಬಗ್ಗಿ ಆ ಬೆಳ್ಳಿ ಕಣ್ಣುಗಳನ್ನು ನೇರವಾಗಿ ನೋಡಿದಳು. "ನಿನ್ನ ನೆಲವೇ ಉಳುಸ್ಕಳಾಕಾಗ್ಲಿಲ್ಲ. ನನ್ನ ಏನ್ ಕಾಯ್ತೀಯ ನೀನು?"

ಅವರಿಗೂ ಬಡಾವಣೆಯೊಳಗೆ ಒಂದು ಸೈಟು ಸಿಕ್ಕಿತ್ತು. ಪಿಳ್ಳಪ್ಪ ಅಲ್ಲಿ ಎರಡು ಕೋಣೆಯ ತಾರಸಿ ಮನೆ ಎಬ್ಬಿಸಿದ್ದ. ಗಾರೆ ನೆಲ, ಮೂರು ಕಿಟಕಿ, ಮುಂದೆ ಎರಡು ಮೆಟ್ಟಿಲು. ಬಣ್ಣವೊಂದು ಬಾಕಿ. ಗೌರಮ್ಮ ಅದರ ಹೊಸ್ತಿಲು ತುಳಿದಿರಲಿಲ್ಲ. ಊರೊಳಗೆ ಸೊಣ್ಣಮ್ಮನ ಕೊಟ್ಟಿಗೆಗೆ ತಾಗಿದ ಸೋಗೆ ಇಳಿಜಾರಿನಲ್ಲೇ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತಿದ್ದಳು. ಗಂಡ ಮುಹೂರ್ತದ ಮಾತೆತ್ತಿದಾಗಲೆಲ್ಲ, "ಅದು ಮನೆಯೇನಯ್ಯಾ? ಬೆಂಕಿಪೊಟ್ಟಣ. ಹಿತ್ತಲಿಲ್ಲ, ಕಣ ಇಲ್ಲ, ಕರ ಕಟ್ಟಾಕೆ ಒಂದು ಗೂಟಕ್ಕೆ ಜಾಗ ಇಲ್ಲ. ಅದ್ರೊಳಗೆ ಕುಂತ್ಕಂಡು ಏನ್ ಮಾಡ್ಲಿ? ಗ್ವಾಡೆ ನೋಡ್ಲಾ?" ಎನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ ಅವಳಿಗೆ ಭಯವಾಗಿತ್ತು. ನಲವತ್ತೈದು ವರ್ಷ ಅವಳ ಕೈಕಾಲಿಗೆ ಗೊತ್ತಿದ್ದದ್ದು ಬಿತ್ತನೆ, ಕಳೆ, ಕೊಯ್ಲು, ಹಾಲು, ಕೆರೆ. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದೇ ಗೊತ್ತಿಲ್ಲದ ಬದುಕು ಹೇಗಿರುತ್ತದೆಂದು ಅವಳು ಎಣಿಸಿಯೂ ಇರಲಿಲ್ಲ. ಆದರೆ ಭಯ ಬಂದಾಗ ಅಳುವ ಜಾಯಮಾನ ಅವಳದಲ್ಲ. ಅವಳಿಗೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟಿನಲ್ಲೇ ಹೋಗಿ ಬಡಾವಣೆಯ ಕೆಲಸಕ್ಕೆ ಕೂಲಿ ಸೇರಿಕೊಂಡಳು. ಪಿಳ್ಳಪ್ಪನಿಗೆ ತಲೆ ಎತ್ತಲಾಗಲಿಲ್ಲ. "ನೆಲದ ಒಡತಿ ಅದೇ ನೆಲದಲ್ಲಿ ಕೂಲಿ ಮಾಡ್ತೀಯೇನೆ? ಜನ ಏನಂದಾರು?"

"ಅನ್ಲಿ. ನನ್ನ ಒಲದಾಗೆ ಏನ್ ಕಟ್ತಾರೆ ಅಂತ ಕಣ್ಣಾರೆ ನೋಡ್ಬೇಕು ನಾನು."

ಹೊಸ ಗೋಡೆಗಳಿಗೆ ನೀರು ಹೊಡೆಯುವುದು ಅವಳ ಕೆಲಸ. ಬಕೆಟ್ಟಿನಲ್ಲಿ ತುಂಬಿ ಗೋಡೆಗೆ ಎರಚುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಇದು ಅವರೆ ಸಾಲಿತ್ತು. ಇದು ಹುಚ್ಚೆಳ್ಳು ಹೂ ಬಿಡುತ್ತಿದ್ದ ಜಾಗ. ಇದು ಕಪ್ಪು ಹಸು ಈದ ಜಾಗ. ಜೊತೆಯ ಹೆಣ್ಣಾಳುಗಳು ಮೊದಮೊದಲು ನಕ್ಕರು, ಆಮೇಲೆ ಅವಳಿಂದ ಸ್ವಲ್ಪ ದೂರ ನಿಂತು ಕೆಲಸ ಮಾಡತೊಡಗಿದರು. ದಿನಕ್ಕೆ ಹತ್ತು ಸಲ ಶೆಡ್ಡಿನ ಮುಂದೆ ಹಾಯುತ್ತಿದ್ದಳು. ಒಮ್ಮೆಯೂ ಒಳಗೆ ಇಣುಕಲಿಲ್ಲ. ಮಂಗಳವಾರ ಬಂದರೆ ಕೈ ತಾನಾಗಿ ಅಕ್ಕಿ ನೆನೆಹಾಕಲು ಹೋಗುತ್ತಿತ್ತು. ಆ ಕೈಗೂ ಬೈಯುತ್ತಿದ್ದಳು.

ಐದು ವಾರ ಕಳೆದ ಮೇಲೆ ಅವಳ ಬಕೆಟ್ಟಿನ ತಳ ಕಿತ್ತುಹೋಯಿತು. ಬೇರೆಯದು ತರಲು ಶೆಡ್ಡಿನೊಳಗೆ ಕಾಲಿಡಲೇಬೇಕಾಯಿತು.

ಪಟಾಲಮ್ಮ ಮೂಟೆಗಳ ನಡುವೆ ಹಾಗೆಯೇ ಇದ್ದಳು. ಆದರೆ ಮೈಮೇಲೆ ಒಂದು ಚೂರು ಸಿಮೆಂಟ್ ಧೂಳಿರಲಿಲ್ಲ. ಹಣೆಗೆ ಹಸಿ ಅರಿಶಿನ, ಅದರ ಮೇಲೆ ಕುಂಕುಮ, ತಲೆಗೊಂದು ಕಣಗಿಲೆ. ಮುಂದೆ ಮುತ್ತುಗದ ಎಲೆಯ ಮೇಲೆ ಅರ್ಧ ಜೋಳದ ರೊಟ್ಟಿ, ಒಂದು ಹಸಿಮೆಣಸಿನಕಾಯಿ.

"ಯಾರು ಇಲ್ಲಿಟ್ಟಿದ್ದು ಇದು?" ಗೌರಮ್ಮನ ದನಿಗೆ ತಗಡು ನಡುಗಿತು.

ಹೊರಗೆ ಗುದ್ದಲಿಗೆ ಕಾವು ಹಾಕುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಇಪ್ಪತ್ತೈದರ ಆಸುಪಾಸು, ಕಪ್ಪಗೆ, ಹಣೆ ತುಂಬ ಹಚ್ಚೆ. ಚರಂಡಿ ಅಗೆಯಲು ಬಿಜಾಪುರದ ಕಡೆಯಿಂದ ಬಂದಿದ್ದ ತಂಡದ ಈರವ್ವ. "ನಾನ್ರಿ ಯವ್ವಾ. ದ್ಯಾಮವ್ವ ಒಬ್ಬಾಕೇ ಧೂಳಾಗ ಕುಂತಿದ್ಲು. ಮನಸು ತಡೀಲಿಲ್ಲ."

"ದ್ಯಾಮವ್ವ ಅಲ್ಲ! ಪಟಾಲಮ್ಮ ಅವ್ಳು!"

"ಹೌದೇನ್ರಿ? ಹೆಸರು ಗೊತ್ತಿರಲಿಲ್ರಿ. ಕರದ್ರ ಸಾಕಂತ ಕರದೆ."

"ಯಾಕೆ ಕರೀಬೇಕು? ಅವ್ಳು ಏನೂ ಮಾಡಾಕಿಲ್ಲ. ತನ್ನ ಗುಡಿ ಉಳುಸ್ಕಂಡಿಲ್ಲ. ನನ್ನ ಮನೆ ಉಳಿಸ್ಲಿಲ್ಲ. ಸುಮ್ನೆ ಕಣ್ಣು ಬಿಟ್ಕಂಡು ನೋಡ್ತವ್ಳೆ. ನಿಂದೇನೂ ಓಗಿಲ್ಲ, ಅದಕ್ಕೇ ನಿಂಗೆ ಭಕ್ತಿ."

ಈರವ್ವ ಸಿಟ್ಟಾಗಲಿಲ್ಲ. ಕಾವಿನ ಬಿರುಕಿಗೆ ಚಕ್ಕೆ ತುರುಕುತ್ತಲೇ ಹೇಳಿದಳು. "ನಮ್ಮ ಹೊಳಿಗೆ ಒಡ್ಡು ಕಟ್ಟಿದ್ರಿ ಯವ್ವಾ. ಊರು ನೀರಾಗ ಕುಂತೈತಿ. ನಮ್ಮನಿ, ನಮ್ಮ ಹೊಲ, ದ್ಯಾಮವ್ವನ ಗುಡಿ, ಎಲ್ಲಾ. ಬ್ಯಾಸಿಗ್ಯಾಗ ನೀರು ಇಳದ್ರ ಗುಡಿ ತುದಿ ಕಾಣ್ತೈತಂತ. ನಾ ನೋಡಾಕ ಹೋಗಿಲ್ಲ. ಮೂರು ವರ್ಷದಾಗ ಏಳು ಊರು ತಿರಗೀವಿ. ಹೋದಲ್ಲೆ ಒಬ್ಬಾಕಿ ನಮಕಿಂತ ಮೊದಲ ಬಂದು ಕುಂತಿರ್ತಾಳ್ರಿ. ಹೆಸರು ಬ್ಯಾರೆ, ಅಷ್ಟ."

ಗೌರಮ್ಮ ಬಕೆಟ್ಟು ತೆಗೆದುಕೊಂಡು ಹೊರಬಿದ್ದಳು. ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು. ತನ್ನ ಕಷ್ಟವನ್ನು ತನ್ನದೆಂದು ಬಿಗಿಯಾಗಿ ಹಿಡಿದುಕೊಂಡಿದ್ದಳು; ಆ ಹುಡುಗಿ ತನ್ನದನ್ನೂ ತಂದು ಅದರ ಪಕ್ಕ ಇಟ್ಟುಬಿಟ್ಟಿದ್ದಳು. ಅದೂ ಅಳದೆ, ಗುದ್ದಲಿ ಕಾವು ಸರಿಮಾಡುತ್ತ.

ಜೂನ್ ಹೊತ್ತಿಗೆ ಈರವ್ವನ ತಂಡ ಒಳಚರಂಡಿಯ ಪೈಪಿಗಾಗಿ ಗೌರಮ್ಮನ ಹಳೆಯ ಹೊಲದ ಅಡ್ಡಕ್ಕೆ ಕಂದಕ ತೋಡುತ್ತಿತ್ತು. ಒಂದಾಳುದ್ದ ಇಳಿದಾಗಲೇ ಗೌರಮ್ಮ ಬಂದು ಗುತ್ತಿಗೆದಾರನ ಮೇಸ್ತ್ರಿಗೆ ಎಚ್ಚರಿಸಿದ್ದಳು. "ಇಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಕೆರೆ ಮರಳು ಐತೆ. ಮಳೆ ಬಿದ್ರೆ ಪಕ್ಕ ನಿಲ್ಲಾಕಿಲ್ಲ. ಪಕ್ಕಕ್ಕೆ ಅಲಗೆ ಕೊಟ್ಟು ಅಗೀರಿ."

"ಯಾವ ಕಾಲೇಜಲ್ಲಿ ಇಂಜಿನಿಯರಿಂಗ್ ಓದಿದ್ಯಮ್ಮಾ?" ಎಂದು ಮೇಸ್ತ್ರಿ ನಕ್ಕ. ಅವಳು ಮುರಿಗೆಪ್ಪನವರ ಹತ್ತಿರ ಹೋದಳು. ಅವರು ನಕ್ಷೆಯ ಮೇಲೆ ಬಗ್ಗಿದವರು ತಲೆಯೆತ್ತಿ, "ನೋಡೂಣ್ರಿ ಅಮ್ಮಾರ, ಹಲಗಿ ತರಸ್ತೀವಿ" ಎಂದರು. ತರಿಸಲಿಲ್ಲ. ಆ ಸಂಜೆ ಜೋರು ಮಳೆ ಬಿತ್ತು.

ಮರುದಿನ ಮಧ್ಯಾಹ್ನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಗೋಡೆಗೆ ನೀರೆರಚುತ್ತಿದ್ದ ಗೌರಮ್ಮನಿಗೆ ಕಾಲಡಿಯಲ್ಲಿ ಧೊಪ್ಪೆಂದು ಏನೋ ಕುಸಿದಂತಾಯಿತು. ಏನೆಂದು ಅವಳಿಗೆ ಗೊತ್ತಾಯಿತು. ಬಕೆಟ್ಟು ಬಿಸುಟು ಓಡಿದಳು.

ಕಂದಕದ ಒಂದು ಮಗ್ಗುಲು ಪೂರ್ತಿ ಜಾರಿತ್ತು. ಉಳಿದವರು ಹಾರಿ ತಪ್ಪಿಸಿಕೊಂಡಿದ್ದರು. ಈರವ್ವನ ತಲೆ, ಒಂದು ತೋಳು ಮಾತ್ರ ಕಾಣುತ್ತಿತ್ತು. ಅವಳ ಗಂಡ ಸಿದ್ರಾಮಪ್ಪ ಮೇಲಿನಿಂದಲೇ ಹುಚ್ಚನಂತೆ ಗುದ್ದಲಿ ಬೀಸುತ್ತಿದ್ದ. ಬೀಸಿದಷ್ಟೂ ಮಣ್ಣು ಅವಳ ಮುಖದತ್ತ ಸುರಿಯುತ್ತಿತ್ತು.

"ನಿಲ್ಸೋ! ಗುದ್ದಲಿ ಬಿಸಾಕು! ಅವಳ ತಲೆ ಮೇಕೇ ತಳ್ತಿದ್ದೀಯ!" ಗೌರಮ್ಮ ಕಿರುಚಿದಳು. "ಅಲಗೆ ತನ್ನಿ! ತಾರಸಿ ಕೆಳಗಿನ ಅಲಗೆ ಕಿತ್ತು ತನ್ನಿ! ಬಾಂಡ್ಲಿ ತನ್ನಿ!"

ಯಾರು ಏನೆನ್ನುವ ಮೊದಲೇ ಕಂದಕಕ್ಕೆ ಇಳಿದಿದ್ದಳು. ಕುಸಿದ ಮಗ್ಗುಲಿಗೆ ಬೆನ್ನು ಕೊಟ್ಟು ಕೂತು ಎರಡೂ ಕೈಯಲ್ಲಿ ಮಣ್ಣು ತೋಡಿ ಬಾಂಡ್ಲಿಗೆ ತುಂಬತೊಡಗಿದಳು. ಈರವ್ವನ ಉಸಿರು ಸಣ್ಣಗೆ ಸಿಳ್ಳೆಯಂತೆ ಕೇಳುತ್ತಿತ್ತು. ಬೆನ್ನ ಹಿಂದೆ ತೇವದ ಮರಳು ಪುಳಪುಳನೆ ಜಾರುತ್ತಿತ್ತು. ಆಗ ಗೌರಮ್ಮನ ಬಾಯಿಂದ ಬೈಗುಳ ಹೊರಟಿತು. ಈರವ್ವನಿಗಲ್ಲ, ಮೇಸ್ತ್ರಿಗಲ್ಲ.

"ಏನೇ ಪಟಾಲಮ್ಮ! ನಾಚ್ಕೆ ಆಗಾಕಿಲ್ವೇನೆ ನಿಂಗೆ? ತಾನು ತಿನ್ನೋ ರೊಟ್ಟೀಲಿ ಅರ್ಧ ಮುರಿದು ನಿಂಗಿಟ್ಟೋಳು ಇವ್ಳು! ನಂದು ತಗಂಡೆ, ಇವಳ ಊರ್ನ ನೀರಿಗೆ ಹಾಕ್ದೆ, ಇನ್ನೂ ಒಟ್ಟೆ ತುಂಬಿಲ್ವಾ? ಇಡ್ಕಳೇ ಈ ಮಣ್ಣ! ಒಂದ್ ಗಳಿಗೆ ಇಡ್ಕಂಡ್ರೆ ನಿನ್ನ ಗಂಟೇನ್ ಓಯ್ತದೆ? ಇಪ್ಪತ್ತಾರ್ ವರ್ಷ ನಿನ್ನ ಮೈ ತೊಳ್ದಿದ್ದೀನಿ, ಒಂದಿನ ಏನೂ ಕೇಳಿಲ್ಲ. ಇವತ್ತು ಕೇಳ್ತಾ ಇದ್ದೀನಿ. ಇಡ್ಕಳೇ!"

ಮುರಿಗೆಪ್ಪನವರು ಓಡಿಬಂದು ಬೂಟು ಪ್ಯಾಂಟಿನ ಸಮೇತ ಕೆಳಗಿಳಿದರು. ಅವರೂ ಸಿದ್ರಾಮಪ್ಪನೂ ಹಲಗೆಗಳನ್ನು ಒತ್ತಿಹಿಡಿದರು. ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರಿದವು. ಗೌರಮ್ಮನ ಉಗುರುಗಳು ಕಿತ್ತು ರಕ್ತ ಬಂದರೂ ಬೈಗುಳ ನಿಲ್ಲಲಿಲ್ಲ. ಎದೆ ಬಿಡಿಸಿಕೊಂಡಿತು, ಸೊಂಟ ಬಿಡಿಸಿಕೊಂಡಿತು. ಕೊನೆಗೆ ಕಾಲು ಎಳೆದಾಗ ಈರವ್ವ ಕೂಗಿದ ಕೂಗಿಗೆ ಅವಳು ಬದುಕಿದ್ದಾಳೆಂದು ಎಲ್ಲರಿಗೂ ಖಾತ್ರಿಯಾಯಿತು. ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು.

ಅವಳನ್ನು ಜೀಪಿನಲ್ಲಿ ಮಲಗಿಸಿ ಕಳಿಸಿದ ಮೇಲೆ ಗೌರಮ್ಮ ಸೀದಾ ಮೇಸ್ತ್ರಿಯ ಹತ್ತಿರ ನಡೆದು, ಆ ಮಣ್ಣುಗೈಯಲ್ಲೇ ಅವನ ಕೆನ್ನೆಗೆ ಒಂದು ಬಿಟ್ಟಳು. "ಇದು ನನ್ನ ಕಾಲೇಜು" ಎಂದಳು. ಮುರಿಗೆಪ್ಪನವರು ನೋಡಿದರು. ತಡೆಯಲಿಲ್ಲ.

ನಾಲ್ಕನೇ ದಿನ ಅವಳು ಯಲಹಂಕದಲ್ಲಿ ಬಸ್ಸು ಹತ್ತಿ, ಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋದಳು. ಈರವ್ವ ಮಂಚ ಸಿಗದೆ ವರಾಂಡದ ಚಾಪೆಯ ಮೇಲೆ ಮಲಗಿದ್ದಳು. ಕಾಲಿಗೆ ತೊಡೆಯವರೆಗೆ ಬಿಳಿ ಪ್ಲಾಸ್ಟರಿನ ಪಟ್ಟು.

"ಯವ್ವಾ, ಒಳಗ ಸಿಕ್ಕೊಂಡಾಗ ನನಗ ಏನೂ ಕಾಣತಿದ್ದಿಲ್ರಿ. ನೀವು ಆಕಿಗೆ ಬೈಯೂದು ಒಂದ ಕೇಳತಿತ್ತು." ಅವಳು ಇಷ್ಟಗಲ ನಕ್ಕಳು. "ಏನ್ ಬೈದ್ರೀ! ನಮ್ಮತ್ತಿನೂ ಅಷ್ಟು ಬೈದಿಲ್ಲ ನನಗ."

"ಬೈದೆ. ಇನ್ನೂ ಬೈತೀನಿ. ಸಿಟ್ಟು ಇಳಿದಿಲ್ಲ ನಂಗೆ. ಮಣ್ಣು ತೋಡಿದ್ದು ನಾವು, ಅವಳಲ್ಲ. ಅವ್ಳು ಸಿಮೆಂಟ್ ಮೂಟೆ ಪಕ್ಕ ತಣ್ಣಗೆ ಕುಂತಿದ್ಲು."

"ಖರೇನರಿ. ಆದ್ರ ಯವ್ವಾ, ಇಲ್ಲದಾಕಿಗೆ ಯಾರರ ಅಷ್ಟು ಬೈತಾರೇನ್ರಿ?"

ಗೌರಮ್ಮ ಅವಳ ಹೊದಿಕೆ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ವಾಪಸ್ಸು ಬರುವಾಗ ಹೆಬ್ಬಾಳದ ಕೆರೆ ಏರಿಯ ಮೇಲೆ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದರು, ಅವಳು ಕೂತೇ ಇದ್ದಳು. ಇಪ್ಪತ್ತಾರು ವರ್ಷ ತಾನು ಆ ಕಲ್ಲಿನೊಂದಿಗೆ ಒಂದು ಮಾತನ್ನಾದರೂ ಮನಸ್ಸುಬಿಚ್ಚಿ ಆಡಿದ್ದೆನೇ ಎಂದು ನೆನಪು ಮಾಡಿಕೊಂಡಳು. ನೀರು, ಅರಿಶಿನ, ದೀಪ. ಅಷ್ಟೇ. ಮಾತು ಶುರುವಾದದ್ದು ಹಾರೆ ಹಿಡಿದ ದಿನದಿಂದ. ಆ ದಿನದಿಂದ, ಬಾಯಲ್ಲೋ ಮನಸ್ಸಲ್ಲೋ, ಪಟಾಲಮ್ಮನನ್ನು ಬಿಟ್ಟು ಬೇರೆ ಯಾರೊಂದಿಗೂ ತಾನು ಇಷ್ಟು ಮಾತಾಡಿಲ್ಲ. ಅವಳು ಎದ್ದು ಹೋಗಿರಲಿಲ್ಲ. ಎದುರು ಮಾತಾಡಿರಲಿಲ್ಲ. ಬೈದಷ್ಟೂ ಬೈಸಿಕೊಂಡು ಅಲ್ಲೇ ಇದ್ದಳು. ಅಷ್ಟಕ್ಕೇ ಹೊಲ ವಾಪಸ್ಸು ಬರುವುದಿಲ್ಲ. ಹೊಟ್ಟೆಯುರಿ ತಣ್ಣಗಾಗುವುದೂ ಇಲ್ಲ. ಆದರೂ ಗೌರಮ್ಮನಿಗೆ ಯಾಕೋ ಎದೆಯೊಳಗಿನ ಗಂಟು ಒಂದು ಸುತ್ತು ಸಡಿಲವಾದಂತೆನಿಸಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮಾರನೆಯ ದಿನ ಶೆಡ್ಡಿಗೆ ಹೋದಳು. ಮುರಿಗೆಪ್ಪನವರು ಊದಿನಕಡ್ಡಿ ಹಚ್ಚುತ್ತಿದ್ದವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಗಾಬರಿಯಾದರು. "ಬೈಬ್ಯಾಡ್ರಿ ಅಮ್ಮಾರ. ನೀವು ಇಟ್ಟುಹೋದ ದಿನದಿಂದ ಒಂದ ಕಡ್ಡಿ ಹಚ್ಚತೇನಿ. ಮಂತ್ರ ಬರೂದಿಲ್ಲ." ಆಮೇಲೆ ದನಿ ತಗ್ಗಿಸಿದರು. "ಹಲಗಿ ವಿಷಯದಾಗ ನೀವು ಹೇಳಿದ್ದು ಕೇಳಬೇಕಿತ್ರಿ. ತಪ್ಪಾತು."

"ನಿಮ್ಮ ತಪ್ಪು ಅವಳ ಕಾಲಲ್ಲೈತೆ ಸ್ವಾಮಿ. ನಂಗ್ಯಾಕೆ ಯೋಳ್ತೀರಿ, ಅವಳಿಗೆ ಯೋಳಿ."

ಅವರು ತಲೆಯಾಡಿಸಿ, ನಕ್ಷೆ ಬಿಚ್ಚಿ, ಪಾರ್ಕಿಗೆಂದು ಬಿಟ್ಟಿದ್ದ ಹಸಿರು ಚೌಕದ ಮೂಲೆಯನ್ನು ಪೆನ್ಸಿಲಿನಿಂದ ತೋರಿಸಿದರು. ಅಮ್ಮನಿಗೆ ಅಲ್ಲಿ ಹತ್ತಡಿ ಜಾಗ ಬಿಡಿಸಲು ಮೇಲಿನವರಿಗೆ ಬರೆದಿದ್ದೇನೆ ಎಂದರು. ಗೌರಮ್ಮ ನಕ್ಷೆಯನ್ನು ನೋಡಲಿಲ್ಲ. "ಕೆರೆ ಕಡೆ ಮುಖ ಇರ್ಬೇಕು" ಎಂದಷ್ಟೇ ಹೇಳಿ, ಅವರು ಹೊರಗೆ ಹೋಗುವವರೆಗೆ ಕಾದು, ಮೂಟೆಗೆ ಒರಗಿ ಕಲ್ಲಿನೆದುರು ಕೂತಳು.

"ನೋಡು, ಆ ಹುಡುಗೀನ ನಾಳಿದ್ದು ಆಸ್ಪತ್ರೆಯಿಂದ ಕಳಿಸ್ತಾರಂತೆ. ಅವರ ಗುಡಾರದಾಗೆ ಮೊಣಕಾಲುದ್ದ ಕೆಸರು. ಆ ಬೆಂಕಿಪೊಟ್ಟಣದಾಗೆ ನೆಲ ಒಣಗೈತೆ. ಅದ್ಕೇ ಅಲ್ಲಿಗೆ ಓಯ್ತಾ ಇದ್ದೀನಿ, ನಿನ್ನ ಮೇಲಿನ ಪ್ರೀತಿಗಲ್ಲ. ಅಲ್ಲಿ ಬದುಕೋದು ಎಂಗೆ ಅಂತ ನಂಗೊತ್ತಿಲ್ಲ. ನೀನೇ ಮುಂದೆ ನಡಿ. ನಡೀಲಿಲ್ಲ ಅಂದ್ರೆ ಮತ್ತೆ ಬಂದು ಬೈತೀನಿ."

ಸೊಣ್ಣಮ್ಮ ಎದೆ ಬಡಿದುಕೊಂಡಳು. ಆಷಾಢ, ಮುಹೂರ್ತವಿಲ್ಲ, ಹಾಲುಕ್ಕಿಸಿಲ್ಲ, ಹಸು ನುಗ್ಗಿಸಿಲ್ಲ, ಕಾಲು ಮುರಿದವಳನ್ನು ಮೊದಲು ಒಳಗೆ ಕರೆದೊಯ್ಯುವುದುಂಟೇ? ಗೌರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಜೀಪಿನಿಂದ ಈರವ್ವನನ್ನು ಸಿದ್ರಾಮಪ್ಪ ಒಂದು ಕಡೆ, ತಾನೊಂದು ಕಡೆ ಹಿಡಿದು, ಎರಡು ಮೆಟ್ಟಿಲು ಹತ್ತಿಸಿ ಹೊಸ್ತಿಲು ದಾಟಿಸಿದಳು. ಗಾರೆ ನೆಲ ಅಂಗಾಲಿಗೆ ತಣ್ಣಗೆ ಹತ್ತಿತು. ಅವಳು ಒಂದು ಗಳಿಗೆ ನಿಂತು ಸುತ್ತ ನೋಡಿದಳು.

"ಏನಯ್ಯಾ ಇದು? ಒಲೆ ಎಲ್ಲಿ? ಒಗೆ ಎಲ್ಲಿಂದ ಓಗ್ಬೇಕು? ಯಾವನಯ್ಯಾ ಈ ಕಿಟಕಿ ಇಟ್ಟೋನು?"

ಎರಡೂವರೆ ತಿಂಗಳಲ್ಲಿ ಮೊದಲ ಸಲ ಪಿಳ್ಳಪ್ಪನ ಮುಖದಲ್ಲಿ ಜೀವ ಬಂತು. "ನಾಳೆನೇ ಒಡೆಸ್ತೀನಿ, ನೀನು ಯೋಳಿದ ಕಡೆ ಇಡಿಸ್ತೀನಿ" ಎನ್ನುತ್ತ ಇಟ್ಟಿಗೆ ತರಲು ಓಡಿದ.

ಮೂರು ಇಟ್ಟಿಗೆ ಹೂಡಿ ಒಲೆ ಹೊತ್ತಿಸಿದಾಗ ಮನೆಯೆಲ್ಲ ಹೊಗೆಯಾಯಿತು. ಮಧ್ಯಾಹ್ನ ಎರಡು ಗಂಟೆಗೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು ಸಿದ್ಧವಾಯಿತು. ಈರವ್ವ ಗೋಡೆಗೊರಗಿ ಕೂತು, ತಟ್ಟೆಯಲ್ಲಿದ್ದ ಆ ಉಂಡೆಯನ್ನು ಅನುಮಾನದಿಂದ ನೋಡಿ, ಒಂದು ತುಂಡು ಬಾಯಿಗಿಟ್ಟು ಅಗಿಯತೊಡಗಿದಳು.

"ಅಗೀಬ್ಯಾಡ ಕಣಮ್ಮಿ! ಮುದ್ದೆ ಅಗೀತಾರೇನೆ ಯಾರಾದ್ರೂ? ಸಾರಿಗೆ ಅದ್ದು, ನುಂಗು. ಊಂ, ನುಂಗು!" ಗೌರಮ್ಮ ಸೌಟು ಎತ್ತಿಕೊಂಡೇ ಗದರಿದಳು.

ಈರವ್ವ ಕಣ್ಣುಮುಚ್ಚಿ ನುಂಗಿದಳು. ಕಣ್ಣಲ್ಲಿ ನೀರು ಬಂತು, ಕೆಮ್ಮಿದಳು, ಆಮೇಲೆ ತಟ್ಟೆ ಮುಂದೆ ಚಾಚಿ ಇನ್ನಷ್ಟು ಸಾರು ಕೇಳಿದಳು.